ಮುನ್ನೂರ ಹದಿನೆಂಟು ಮುಖಪುಟ

ದೇಚಕ್ಕ ಟೀಚರು ಬರೆದ ದೆವ್ವಗಳಿಗೆಲ್ಲ
ಮುಖ ಕೊಟ್ಟವನು ನಾನು.
ಲಾಜರ್ ಆರ್ಟ್ಸ್, ವಿರಾಜಪೇಟೆ,
ಗಡಿಯಾರ ಕಂಬದಿಂದ ಕೆಳಗೆ ಮೂರನೇ ಅಂಗಡಿ.
ಜೀಪಿನ ನಂಬರು, ಮದುವೆಯ ಬ್ಯಾನರು,
ಹಂದಿಮಾಂಸದಂಗಡಿಯ ದರಪಟ್ಟಿ,
ನಡುವೆ ತಿಂಗಳಿಗೊಂದು ದೆವ್ವ.

ಸಿದ್ದಾಪುರದ ಬಸ್ಸಿನಲ್ಲಿ ಕಾರ್ಡು ಬರುತ್ತಿತ್ತು,
ಕಂಡಕ್ಟರ್ ಮೊಣ್ಣಪ್ಪ ಇಳಿಯದೆಯೇ ಎಸೆಯುತ್ತಿದ್ದ.
ಕಾರ್ಡಿನಲ್ಲಿ ಕಥೆ ಇಲ್ಲ, ಒಂದೆರಡು ಸಾಲು:
‘ಪಲ್ಪರಿನೊಳಗೆ ಯಾರೋ ಹಾಡುತ್ತಾರೆ.
ಮುಖ ಬೇಡ, ಬೆರಳು ಸಾಕು.’
‘ಏಳನೇ ನಂಬರಿನ ಲೈನ್‌ಮನೆ. ಇರುವುದು ಆರೇ.’
‘ಕಿತ್ತಳೆ ಸುಲಿದರೆ ಒಳಗೆ ಕಣ್ಣು.
ಕೆಂಪು ಹೆಚ್ಚು ಬಳಿಯಬೇಡಿ ಲಾಜರ್,
ಎರಡನೇ ಕ್ಲಾಸಿನವರೂ ಓದುತ್ತಾರೆ.’

ಲೆಕ್ಕದ ಟೀಚರು. ಹಗಲು ಭಿನ್ನರಾಶಿ, ರಾತ್ರಿ ಭೂತ.
ಮೂವತ್ತೆರಡು ಪುಟ, ಒಂದೂವರೆ ರೂಪಾಯಿ.
ಮೂವತ್ತರೊಳಗೆ ಮಗು ಮನೆ ಮುಟ್ಟಲೇಬೇಕು,
ಮೂವತ್ತೊಂದರಲ್ಲಿ ಅಮ್ಮ ಬಿಸಿ ಕಡುಬು ಬಡಿಸಬೇಕು.
ಹಾಳೆ ಮಗುಚಿದರೆ
ಕೈ ತೊಳೆಯುವ ಕಲ್ಲಿನ ಮೇಲೆ
ಇನ್ನಾರದೋ ಒದ್ದೆ ಹೆಜ್ಜೆ.
ಅಷ್ಟೇ. ಮುಂದಿನ ತಿಂಗಳು ಬನ್ನಿ.

ಇದೆಲ್ಲ ಗೊತ್ತಿರುವುದು ಮಕ್ಕಳ ಬಾಯಿಂದ.
ನಾನು ಒಂದನ್ನೂ ಓದಿದವನಲ್ಲ.
ನಿಜ ಹೇಳಬೇಕೆಂದರೆ, ಹೆದರಿಕೆ.
ಅಂಗಡಿಯಲ್ಲೇ ಒಬ್ಬನೇ ಮಲಗುವವನು;
ನಾನೇ ಬರೆದ ಬೆರಳು
ಒಣಗಲೆಂದು ಗೋಡೆಗೆ ಒರಗಿರುವಾಗ
ಅದರ ಕಥೆ ಬೇರೆ ತಿಳಿದುಕೊಳ್ಳಲೆ?

ಒಮ್ಮೆ ಅಂಗಡಿಗೇ ಬಂದಿದ್ದರು, ಕೊಡೆ ಮಡಚುತ್ತ:
‘ಆನೆ ಬರುವ ಊರು ಇದು.
ಸಂಜೆಯಾದರೆ ಪಟಾಕಿ ಹಿಡಿದು ಕೂರುವ ಮಕ್ಕಳಿಗೆ
ಬಿಳಿ ಸೀರೆಯವಳು ಯಾವ ಲೆಕ್ಕ?’
ಅದಕ್ಕೇ ದೆವ್ವವನ್ನು ಕಾಡಿನಿಂದ ಎಬ್ಬಿಸಿ
ಹಾಜರಿ ಪುಸ್ತಕದಲ್ಲಿ ಕೂರಿಸಿದರು.
ಕೊಯ್ಲು ಮುಗಿದು ಬೇರೆ ತೋಟಕ್ಕೆ ಹೋದ ಹುಡುಗಿಯ
ಹೆಸರು ಕೂಗಿದರೆ ಹಿಂದಿನ ಬೆಂಚಿನಿಂದ
‘ಹಾಜರ್ ಟೀಚರ್’.
ಆ ವರ್ಷ ಲೈನ್‌ಮನೆಯ ಮಕ್ಕಳು
ಹಾಜರಿಯ ಹೊತ್ತಿಗೆ ಉಸಿರು ಹಿಡಿಯುತ್ತಿದ್ದರಂತೆ.

ಯಾವುದೋ ಶಾಲೆಯಲ್ಲಿ ಮೂವತ್ತು ಪ್ರತಿ ಸುಟ್ಟರು.
ಮುಂದಿನ ಕಾರ್ಡು: ‘ಹೊಗೆ ಓದಲು ಕಲಿತಿದೆ.’
ಆ ತಿಂಗಳು ಎರಡು ಸಾವಿರ ಹೆಚ್ಚು ಅಚ್ಚಾಯಿತು.

ಎಲ್ಲವೂ ಚೆನ್ನಾಗಿತ್ತು ಅಂತಲ್ಲ.
ಅರವತ್ತೊಂದೂ ನೂರ ತೊಂಬತ್ತಾರೂ ಒಂದೇ ಕಥೆ
ಎಂದು ಪೊನ್ನಂಪೇಟೆಯ ಹುಡುಗನೊಬ್ಬ ಬರೆದು ಹಾಕಿದ.
ಉತ್ತರ ಹೋಯಿತು, ಕೆಂಪು ಶಾಯಿಯಲ್ಲಿ:
‘ನೀನು ಸರಿ. ಹತ್ತಕ್ಕೆ ಹತ್ತು.’
ಕೊನೆಕೊನೆಗೆ ಬೆಲೆ ಹದಿನೈದಕ್ಕೇರಿತು, ಕಟ್ಟುಗಳು ಉಳಿದವು,
ಸಂತೆಯಲ್ಲಿ ನನ್ನ ಕಣ್ಣಿನ ಕಿತ್ತಳೆಯೊಳಗೆ
ನೂರು ಗ್ರಾಂ ಕಾಳುಮೆಣಸು ಕಟ್ಟಿಕೊಟ್ಟರು, ನನಗೇ.
ಆದರೂ ಕಾರ್ಡು ತಪ್ಪಲಿಲ್ಲ,
ಅಕ್ಷರ ಮಾತ್ರ ಸ್ವಲ್ಪ ಇಳಿಜಾರಾಯಿತು.

ಒಂದು ಸೋಮವಾರ ಬಸ್ಸು ನಿಂತಿತು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಮೊಣ್ಣಪ್ಪ ಕೆಳಗಿಳಿದ.
ಕೈಯಲ್ಲಿ ಏನೂ ಇರಲಿಲ್ಲ.

ಈಗ ಜೀಪಿನ ನಂಬರನ್ನೂ ಯಂತ್ರ ಕತ್ತರಿಸುತ್ತದೆ.
ಬಿಡುವಿದೆ. ಅಟ್ಟದಿಂದ ಪೆಟ್ಟಿಗೆ ಇಳಿಸಿದೆ,
ಕೈಗೆ ಸಿಕ್ಕಿದ್ದು ಏಳನೇ ನಂಬರಿನ ಲೈನ್‌ಮನೆ.
ನಡುಮಧ್ಯಾಹ್ನ, ರಸ್ತೆಬದಿಯ ಸ್ಟೂಲು,
ಪಕ್ಕದಂಗಡಿಯ ರೇಡಿಯೋ ಜೋರಾಗಿಡಲು ಹೇಳಿ ಶುರುಮಾಡಿದೆ.

ಹನ್ನೊಂದನೇ ಪುಟದಲ್ಲಿ ಒಬ್ಬ ಬರುತ್ತಾನೆ.
ಹೆಸರಿಲ್ಲ. ಬಣ್ಣದ ಡಬ್ಬಿ, ಕಿವಿಯಲ್ಲಿ ಕುಂಚ,
ಎಡಗಾಲು ತುಸು ಕುಂಟು.
ಮನೆಗಳಿಗೆ ನಂಬರು ಬರೆಯುವ ಕೆಲಸ.
ಒಂದು, ಎರಡು, ಮೂರು ಬರೆಯುತ್ತ ಹೋಗಿ
ಹದಿನೈದನೇ ಪುಟದ ಕೊನೇ ಸಾಲಿನಲ್ಲಿ
ಆರರ ಆಚೆಗಿನ ಬಾಗಿಲು ತಟ್ಟುತ್ತಾನೆ.

ಹಾಳೆಯ ಮೂಲೆ ಬೆರಳಲ್ಲೇ ಇದೆ.
ಮಗು ಮನೆ ಮುಟ್ಟುತ್ತದೆ, ಅದು ಗೊತ್ತು.
ದೊಡ್ಡವರ ಬಗ್ಗೆ ಟೀಚರು
ಯಾರಿಗೂ ಮಾತು ಕೊಟ್ಟಿರಲಿಲ್ಲ.